ಓದುಗರ ಪ್ರಶ್ನೆ: ಚಿತ್ರದಲ್ಲಿ ಇಲ್ಲದ ಕಥೆ

ಪ್ರಶ್ನೆ: ನಾನು ಸರ್ಕಾರಿ ಶಾಲೆಯ ನಲಿ-ಕಲಿ (ಒಂದರಿಂದ ಮೂರನೆಯ ತರಗತಿಯ ಮಕ್ಕಳು ಒಟ್ಟಿಗೆ ಕಲಿಯುವ) ತರಗತಿಯ ಶಿಕ್ಷಕಿ. ಚಿತ್ರಪುಸ್ತಕ ತೋರಿಸಿ ಕಥೆ ಬರೆಯಿರಿ ಎಂದರೆ ಮಕ್ಕಳು ‘ಮರ ಇದೆ, ಆಡು ಇದೆ, ಬಸ್ಸು ಇದೆ’ ಎಂದು ಬರೆದು ಪೆನ್ಸಿಲ್ ಕೆಳಗಿಡುತ್ತಾರೆ. ಬರೆದಷ್ಟರಲ್ಲೂ ತಪ್ಪುಗಳೇ ಹೆಚ್ಚು. ಅವನ್ನು ತಿದ್ದಬೇಕೆ, ಬಿಡಬೇಕೆ?
– ಓದುಗರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ಮಕ್ಕಳಿಗೆ ಪಟ್ಟಿ ಮಾಡುವುದನ್ನು ಕಲಿಸಿದವರು ಬಹುಮಟ್ಟಿಗೆ ನಾವೇ. ‘ಈ ಚಿತ್ರದಲ್ಲಿ ಏನೇನಿದೆ?’ ಎಂದು ಮೊದಲಿನಿಂದಲೂ ಕೇಳುತ್ತ ಬಂದಿದ್ದೇವೆ; ಆ ಪ್ರಶ್ನೆಗೆ ಪಟ್ಟಿಯೇ ಸರಿಯಾದ ಉತ್ತರ. ಅದರ ಬದಲು ‘ಇಲ್ಲಿ ಏನು ನಡೆದಿದೆ, ಇದಕ್ಕೆ ಸ್ವಲ್ಪ ಮೊದಲು ಏನಾಗಿರಬಹುದು?’ ಎಂದು ಕೇಳಿ ನೋಡಿ. ಬಸ್ಸಿನ ಟಾಪಿನ ಮೇಲೆ ಆಡೊಂದು ನಿಂತಿರುವ ಚಿತ್ರವಿದ್ದರೆ, ಅದು ಅಲ್ಲಿಗೆ ಹತ್ತಿದ್ದು ಹೇಗೆ, ಕಂಡಕ್ಟರ್ ಅದಕ್ಕೆ ಟಿಕೆಟ್ ಕೊಟ್ಟನೆ, ಅದು ಇಳಿಯುವ ಊರು ಯಾವುದು ಎಂಬ ಒಂದೊಂದು ಪ್ರಶ್ನೆಯೂ ಮಗುವನ್ನು ಚಿತ್ರದಲ್ಲಿ ಕಾಣದಿರುವ ಸಂಗತಿಯ ಕಡೆಗೆ ಒಯ್ಯುತ್ತದೆ.

ಪುಸ್ತಕದ ಆಯ್ಕೆಯಲ್ಲಿಯೂ ಎಚ್ಚರ ಬೇಕು. ‘ಕೆಂಪು ಚೆಂಡು’ ಎಂದು ಬರೆದು ಕೆಂಪು ಚೆಂಡನ್ನೇ ಬಿಡಿಸಿದ ಪುಟದಲ್ಲಿ ಮಗು ಸೇರಿಸುವುದಕ್ಕೆ ಏನೂ ಉಳಿದಿರುವುದಿಲ್ಲ. ಮಾತು ಹೇಳದಿದ್ದುದನ್ನು ಚಿತ್ರ ತೋರಿಸುವಂಥ ಅಥವಾ ಪದಗಳೇ ಇಲ್ಲದ ಪುಸ್ತಕ ಉತ್ತಮ. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಚಿತ್ರಪುಸ್ತಕಗಳು ಉಚಿತವಾಗಿ ದೊರೆಯುತ್ತವೆ. ಅವಕ್ಕೆ ಮುಕ್ತ ಪರವಾನಗಿ ಇರುವುದರಿಂದ ಮುದ್ರಿಸಿಕೊಂಡು, ಪದಗಳನ್ನು ಕತ್ತರಿಸಿ ತೆಗೆದು, ಚಿತ್ರಗಳನ್ನಷ್ಟೇ ಮಕ್ಕಳ ಕೈಗೆ ಕೊಡಲು ಅಡ್ಡಿಯಿಲ್ಲ. ಕೊನೆಯ ಎರಡು ಪುಟಗಳನ್ನು ನೀವೇ ಇಟ್ಟುಕೊಳ್ಳಿ, ಅವರು ತಮ್ಮ ಕೊನೆಯನ್ನು ಬರೆದ ಮೇಲೆ ತೋರಿಸಿದರಾಯಿತು.

ಬರೆಯಿಸುವ ಮೊದಲು ಮಾತನಾಡಿಸಿ. ಮಗು ‘ಆಡು ಬಸ್ಸಿನ ಮ್ಯಾಲೆ ಹತ್ತೇತಿ’ ಎಂದರೆ ಹಲಗೆಯ ಮೇಲೆ ಹಾಗೆಯೇ ಬರೆಯಿರಿ. ‘ಹತ್ತಿದೆ’ ಎಂದು ನೀವು ತಿದ್ದಿದ ಕ್ಷಣವೇ ಅದು ಮಗುವಿನ ಕಥೆಯಾಗಿ ಉಳಿಯದೆ ಪಾಠದ ವಾಕ್ಯವಾಗಿಬಿಡುತ್ತದೆ. (ಗ್ರಾಂಥಿಕ ಕನ್ನಡ ಕಲಿಯಲು ಮುಂದೆ ವರ್ಷಗಟ್ಟಲೆ ಸಮಯವಿದೆ.)

ತಪ್ಪುಗಳ ವಿಷಯಕ್ಕೆ ಬಂದರೆ, ಮೊದಲ ಬರಹಕ್ಕೆ ಕೆಂಪು ಶಾಯಿ ತಾಗಿಸಬೇಡಿ. ಮಹಾಪ್ರಾಣಕ್ಕೂ ಒತ್ತಕ್ಷರಕ್ಕೂ ಬೈಸಿಕೊಂಡ ಮಗು ತನಗೆ ಬರೆಯಲು ಬರುವ ಪದಗಳಲ್ಲಿಯೇ ಯೋಚಿಸತೊಡಗುತ್ತದೆ. ‘ಭಯಂಕರ’ ಎಂದು ಬರೆಯಬೇಕೆಂದುಕೊಂಡದ್ದು ‘ದೊಡ್ಡ’ ಎಂದು ಬರೆದು ಸುಮ್ಮನಾಗುತ್ತದೆ. ಹಾಗೆಂದು ತಿದ್ದುವುದೇ ಬೇಡವೆಂದಲ್ಲ, ಅದಕ್ಕೊಂದು ಕಾರಣ ಮಗುವಿಗೂ ಕಾಣಬೇಕು. ಎರಡು ಹಾಳೆಗಳನ್ನು ನಡುವೆ ಮಡಿಸಿ ಹೊಲಿದರೆ ಎಂಟು ಪುಟಗಳ ಪುಸ್ತಕವಾಗುತ್ತದೆ. ರಕ್ಷಾಪುಟದ ಎರಡು ಬದಿಗಳನ್ನು ಕಳೆದರೆ ಕಥೆಗೆ ಆರು ಪುಟ, ಈ ವಯಸ್ಸಿಗೆ ಅಷ್ಟೇ ಸಾಕು. ನಿಮ್ಮಲ್ಲಿ ಒಂದರಿಂದ ಮೂರನೆಯ ತರಗತಿಯ ಮಕ್ಕಳು ಒಟ್ಟಿಗೇ ಕುಳಿತುಕೊಳ್ಳುವುದರಿಂದ ಓದುಗರನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಮೂರನೆಯ ತರಗತಿಯ ಮಗು ತಾನು ಬರೆದದ್ದನ್ನು ಒಂದನೆಯ ತರಗತಿಯ ಮಗುವಿಗೆ ಓದಲು ಕೊಟ್ಟಾಗ, ಆ ಚಿಕ್ಕದು ಎಲ್ಲಿ ತಡವರಿಸುತ್ತದೆಯೋ ಅಲ್ಲಿ ತಿದ್ದಿಕೊಡಿ ಎಂದು ಬರೆದ ಮಗುವೇ ನಿಮ್ಮ ಬಳಿಗೆ ಬರುತ್ತದೆ.