ಅಮೆರಿಕದ ಕಪ್ಪು ಜನರ ವಿಮೋಚನೆಗೂ ಅರಾಜಕತಾವಾದಕ್ಕೂ ಏನು ಸಂಬಂಧ?

ಅರಾಜಕತಾವಾದ ಎಂದರೆ ಗೊಂದಲವಲ್ಲ; ಪ್ರಭುತ್ವವೂ ಮೇಲಿನವರ ಅಧಿಕಾರವೂ ಬೇಡ, ಜನರೇ ಕೂಡಿ ಬದುಕು ನಡೆಸಿಕೊಳ್ಳಬೇಕು ಎನ್ನುವ ವಿಚಾರ. ಈ ನಂಟು ಗಟ್ಟಿಯಾದದ್ದು ಮುಖ್ಯವಾಗಿ ಜೈಲಿನಲ್ಲಿ. 1966ರಲ್ಲಿ ಓಕ್‌ಲ್ಯಾಂಡಿನಲ್ಲಿ ಹುಟ್ಟಿದ, ಕಪ್ಪು ಜನರ ಹೋರಾಟದ ಬ್ಲ್ಯಾಕ್ ಪ್ಯಾಂಥರ್ ಪಕ್ಷ ಮಕ್ಕಳಿಗೆ ಉಚಿತ ಬೆಳಗಿನ ಉಪಾಹಾರ ಕೊಟ್ಟಿತು, ಉಚಿತ ಚಿಕಿತ್ಸಾಲಯಗಳನ್ನು ನಡೆಸಿತು. ಸರ್ಕಾರಕ್ಕೆ ಕಾಯದೆ ಜನರೇ ಮಾಡಿಕೊಂಡ ಕೆಲಸ ಅದು. ಆದರೆ ಪಕ್ಷದೊಳಗೆ ಕೇಂದ್ರ ಸಮಿತಿಯ ಮಾತೇ ಕೊನೆಯದು. ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ ಒಳಜಗಳಕ್ಕೆ ತುಪ್ಪ ಸುರಿಯಿತು. 1971ರಲ್ಲಿ ನಾಯಕರು ಬೇರೆಯಾದಾಗ ಪಕ್ಷವೂ ಸೀಳಿತು.

ಸೆರೆಯಲ್ಲಿದ್ದ ಕೆಲವು ಪ್ಯಾಂಥರರು ಈ ಸೋಲನ್ನು ಕೆದಕಿ ನೋಡಿದರು. ಲೊರೆಂಜೊ ಕೊಂಬೊವಾ ಎರ್ವಿನ್ 1969ರಲ್ಲಿ ವಿಮಾನ ಅಪಹರಿಸಿ ಕ್ಯೂಬಾಕ್ಕೆ ಹೋದವರು. ಅಲ್ಲಿಯೂ ಪೂರ್ವ ಯುರೋಪಿನಲ್ಲಿಯೂ ಕಂಡ ಸಮಾಜವಾದಿ ಪ್ರಭುತ್ವ ಅವರಿಗೆ ಭ್ರಮನಿರಸನ ತಂದಿತು. ಬಂಧನದ ನಂತರ ಮಾರ್ಟಿನ್ ಸೋಸ್ತ್ರೆ ಎಂಬ ಹಿರಿಯ ಕೈದಿ ಅವರಿಗೆ ಅರಾಜಕತಾವಾದವನ್ನು ಪರಿಚಯಿಸಿದರು. ಕುವಾಸಿ ಬಲಗೂನ್, ಅಶಾಂತಿ ಆಲ್ಸ್ಟನ್ ಕೂಡ ಜೈಲಿನಲ್ಲೇ ಇತ್ತ ವಾಲಿದರು.

ಇವರ ವಾದ ಇಷ್ಟು: ಗುಲಾಮಗಿರಿಗೆ ಕಾನೂನಿನ ಬಲ ಕೊಟ್ಟದ್ದು ಪ್ರಭುತ್ವ, ಆಮೇಲೆ ಕಪ್ಪು ಜನರನ್ನು ಬಿಳಿಯರಿಂದ ಬೇರ್ಪಡಿಸಿಡುವ ಜಿಮ್ ಕ್ರೋ ಕಾನೂನುಗಳನ್ನು ಜಾರಿಗೊಳಿಸಿದ್ದೂ ಅದೇ. ಕುರ್ಚಿಯಲ್ಲಿ ಕಪ್ಪು ಮನುಷ್ಯ ಕುಳಿತ ಮಾತ್ರಕ್ಕೆ ಅದರ ಗುಣ ಬದಲಾಗದು. ಎರ್ವಿನ್ ಬಿಳಿಯ ಅರಾಜಕತಾವಾದಿಗಳನ್ನೂ ಬಿಡಲಿಲ್ಲ. ವರ್ಣಭೇದವನ್ನು ವರ್ಗಸಂಘರ್ಷದ ಬಾಲಂಗೋಚಿಯಂತೆ ಕಾಣುತ್ತೀರಿ ಎಂದು ಝಾಡಿಸಿದರು. ಅವರ ಬರಹದಲ್ಲಿ ನನಗೆ ಹೆಚ್ಚು ಗಟ್ಟಿ ಎನಿಸುವುದು ಈ ಭಾಗವೇ.

ಆದರೆ 1957ರಲ್ಲಿ ಲಿಟಲ್ ರಾಕ್ ನಗರದ, ಅದುವರೆಗೆ ಬಿಳಿಯರಿಗಷ್ಟೇ ಮೀಸಲಾಗಿದ್ದ ಶಾಲೆಯೊಳಗೆ ಒಂಬತ್ತು ಕಪ್ಪು ವಿದ್ಯಾರ್ಥಿಗಳನ್ನು ಕರೆದೊಯ್ದದ್ದು ಕೇಂದ್ರ ಸರ್ಕಾರದ ಸೈನಿಕರು. ಅಂದರೆ ಪ್ರಭುತ್ವ ಕಪ್ಪು ಜನರ ಪರ ನಿಂತದ್ದೂ ಉಂಟು; ಈ ಸಂಗತಿಗೆ ಇವರು ಕೊಡುವ ಉತ್ತರ ನನಗೆ ಸಾಲದು.