ಓದುಗರ ಪ್ರಶ್ನೆ: ಬಿ.ಎಡ್. ಓದಿಗೆ ಸರ್ಕಾರದ ನೆರವು ಹೇಗಿರಬೇಕು?

ಪ್ರಶ್ನೆ: ನನ್ನ ಮಗಳು ಬಿ.ಎಸ್ಸಿ. ಮುಗಿಸಿ ಬಿ.ಎಡ್. ಸೇರಿದ್ದಾಳೆ. ವಿದ್ಯಾರ್ಥಿವೇತನಕ್ಕೆ ರಾಜ್ಯ ಸರ್ಕಾರದ ಎಸ್‌ಎಸ್‌ಪಿ (ರಾಜ್ಯ ವಿದ್ಯಾರ್ಥಿವೇತನ) ಪೋರ್ಟಲ್‌ನಲ್ಲಿ ಅರ್ಜಿಯನ್ನೂ ಹಾಕಿದ್ದೇವೆ. ಆದರೆ ದುಡಿಯುವ ವಯಸ್ಸಿಗೆ ಬಂದ ಮಕ್ಕಳನ್ನು ಇನ್ನೂ ಎರಡು ವರ್ಷ ಓದಿಸುವುದು ನಮ್ಮಂಥವರಿಗೆ ಭಾರವೇ ಸರಿ. ಶಿಕ್ಷಕರಾಗಲು ತರಬೇತಿ ಪಡೆಯುವ ಪದವೀಧರರಿಗೆ ರಾಜ್ಯ ಸರ್ಕಾರ ವಿದ್ಯಾರ್ಥಿವೇತನವನ್ನು ಹೆಚ್ಚಿಸಬೇಕೆಂದು ಕೇಳುವುದು ತಪ್ಪೇ?
— ಓದುಗರೊಬ್ಬರು, ಸಿಂಧನೂರು

ಉತ್ತರ: ತಪ್ಪಲ್ಲ. ಆದರೆ ಮೊತ್ತ ಹೆಚ್ಚಿಸುವಷ್ಟೇ ಮುಖ್ಯವಾದದ್ದು, ಆ ಹಣ ಯಾವ ಖರ್ಚಿಗೆ ಒದಗಬೇಕು ಎಂಬುದು.

ಒಂದು ವರ್ಷದ್ದಾಗಿದ್ದ ಬಿ.ಎಡ್. ಕೋರ್ಸನ್ನು ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು 2014ರ ನಿಯಮಾವಳಿಯ ಮೂಲಕ ಎರಡು ವರ್ಷಕ್ಕೆ ವಿಸ್ತರಿಸಿತು; ಅದರಲ್ಲಿ 20 ವಾರ ಶಾಲೆಗಳಲ್ಲೇ ಕಳೆಯುವಂತೆ ಇಂಟರ್ನ್‌ಶಿಪ್ ಕಡ್ಡಾಯವಾಯಿತು. ಪಾಠ ಮಾಡುವುದನ್ನು ಶಾಲೆಯಲ್ಲೇ ಕಲಿಯಬೇಕೆಂಬ ಈ ವಿಚಾರ ಒಪ್ಪತಕ್ಕದ್ದೇ. ಆದರೆ ಬೆಳಗಿನ ಪ್ರಾರ್ಥನೆಯಿಂದ ಸಂಜೆಯ ಗಂಟೆಯವರೆಗೆ ಶಾಲೆಯಲ್ಲಿದ್ದು, ರಾತ್ರಿ ಪಾಠ ಯೋಜನೆ ಬರೆದು, ಬೋಧನೋಪಕರಣ ಸಿದ್ಧಪಡಿಸುವ ಪ್ರಶಿಕ್ಷಣಾರ್ಥಿಗೆ ಮನೆಪಾಠ ಹೇಳಿಯೋ ಅಂಗಡಿಯಲ್ಲಿ ಲೆಕ್ಕ ಬರೆದೋ ನಾಲ್ಕು ಕಾಸು ಸಂಪಾದಿಸಲು ಸಮಯವೇ ಸಿಗುವುದಿಲ್ಲ. ಶುಲ್ಕ ಮರುಪಾವತಿಯಾದ ಮಾತ್ರಕ್ಕೆ ಈ ನಷ್ಟ ತುಂಬುವುದಿಲ್ಲ.

ಈಗಿರುವ ಯೋಜನೆಗಳಿಗೆ ಅವುಗಳದೇ ಉದ್ದೇಶಗಳಿವೆ. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಕೇಂದ್ರದ ಮಾರ್ಗಸೂಚಿಯಲ್ಲಿ ವಾರ್ಷಿಕ 2.5 ಲಕ್ಷ ರೂಪಾಯಿಯ ಆದಾಯ ಮಿತಿಯಿದೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗಾಗಿ ಬಂದ ವಿದ್ಯಾಸಿರಿ, ಊಟ ಮತ್ತು ವಸತಿಗೆಂದು ತಿಂಗಳಿಗೆ 1,500 ರೂಪಾಯಿಯಂತೆ ಆರಂಭವಾಯಿತು. ರೈತರ ಮಕ್ಕಳಿಗೆ 2021ರಿಂದ ರೈತ ವಿದ್ಯಾನಿಧಿ ಇದೆ. ಇವು ಜಾತಿ, ಆದಾಯ, ತಂದೆತಾಯಿಯ ಕಸುಬನ್ನು ನೋಡುತ್ತವೆ, ವಿದ್ಯಾರ್ಥಿ ಶಿಕ್ಷಕನಾಗಲು ಹೊರಟಿದ್ದಾನೆಯೇ ಎಂಬುದನ್ನಲ್ಲ.

ಇನ್ನೊಂದು ವಿಚಿತ್ರವನ್ನೂ ಗಮನಿಸಿ. 2024ರ ಜನವರಿಯಲ್ಲಿ ಚಾಲನೆ ಪಡೆದ ಯುವನಿಧಿ, ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿಯನ್ನು ಗರಿಷ್ಠ ಎರಡು ವರ್ಷ ಕೊಡುತ್ತದೆ. ಉನ್ನತ ವ್ಯಾಸಂಗಕ್ಕೆ ಸೇರಿದವರಿಗೆ ಅದು ಇಲ್ಲ. ಬಿ.ಎಡ್. ಅವಧಿಯೂ ಎರಡೇ ವರ್ಷ. ನಿರುದ್ಯೋಗಿಗೆ ಕೊಡುವುದು ಸರಿಯಲ್ಲವೆಂದು ನಾನು ಹೇಳುತ್ತಿಲ್ಲ. ಆದರೆ ಸರ್ಕಾರಿ ಶಾಲೆಯಲ್ಲಿ ತರಬೇತಿಯ ಹೆಸರಿನಲ್ಲಿ ಪಾಠ ಮಾಡುವವಳಿಗೆ, ಕನಿಷ್ಠ ಆ 20 ವಾರಗಳ ಮಟ್ಟಿಗಾದರೂ ಅಷ್ಟೇ ಮೊತ್ತ ಸಿಗಬೇಕೆಂಬುದು ನ್ಯಾಯವಾದ ಬೇಡಿಕೆ. ವಿದ್ಯಾರ್ಥಿವೇತನದ ಹೆಚ್ಚಳ ಅಲ್ಲಿಂದಲೇ ಶುರುವಾಗಲಿ.

ಹಣ ಸೀಮಿತವಾಗಿದ್ದರೆ ಶಿಕ್ಷಕರ ಕೊರತೆಯಿರುವ ವಿಷಯ ಮತ್ತು ಪ್ರದೇಶಗಳಿಗೆ ಆದ್ಯತೆ ಕೊಡಬಹುದು. ಇಂಗ್ಲೆಂಡಿನಲ್ಲಿ ಭೌತಶಾಸ್ತ್ರ, ಗಣಿತ, ಕಂಪ್ಯೂಟಿಂಗ್‌ನಂಥ ವಿಷಯಗಳ ಶಿಕ್ಷಕರಾಗಲು ತರಬೇತಿ ಪಡೆಯುವ ಪದವೀಧರರಿಗೆ 2025-26ನೇ ಸಾಲಿಗೆ 29,000 ಪೌಂಡುಗಳ ನೆರವನ್ನು ಪ್ರಕಟಿಸಲಾಗಿತ್ತು. ನಮ್ಮ 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಗ್ರಾಮೀಣ ಪ್ರದೇಶಗಳಲ್ಲಿ ಬಿ.ಎಡ್. ಓದುವವರಿಗೆ ಪ್ರತಿಭೆ ಆಧಾರಿತ ವಿಶೇಷ ವಿದ್ಯಾರ್ಥಿವೇತನವನ್ನೂ, ಮುಗಿಸಿದ ಮೇಲೆ ಸ್ಥಳೀಯ ನೇಮಕದಲ್ಲಿ ಆದ್ಯತೆಯನ್ನೂ ಹೇಳಿದೆ. ರಾಯಚೂರು, ಯಾದಗಿರಿಯಂಥ ಜಿಲ್ಲೆಗಳಿಗೆ ಇದಕ್ಕಿಂತ ಹೊಂದುವ ಸಲಹೆ ಸಿಗಲಾರದು.

ಪ್ರಶ್ನೆ: ಸರ್ಕಾರದ ಹಣದಲ್ಲಿ ಬಿ.ಎಡ್. ಮುಗಿಸಿದವರು ಬೇರೆ ಉದ್ಯೋಗಕ್ಕೆ ಹೋದರೆ? ಕರಾರು ಬರೆಸಿಕೊಳ್ಳಬಾರದೇ?
— ನಿವೃತ್ತ ಮುಖ್ಯೋಪಾಧ್ಯಾಯರು, ಹಾಸನ

ಉತ್ತರ: ಬರೆಸಿಕೊಳ್ಳಬಹುದು, ಆದರೆ ಎಚ್ಚರ ಬೇಕು. ಶಿಕ್ಷಕರಾಗಲು ಓದುವವರಿಗೆ ಅಮೆರಿಕ ಸರ್ಕಾರ ಕೊಡುವ ಟೀಚ್ ಅನುದಾನದಲ್ಲಿ ವರ್ಷಕ್ಕೆ 4,000 ಡಾಲರ್‌ವರೆಗೆ ಪಡೆದವರು ಎಂಟು ವರ್ಷಗಳೊಳಗೆ ನಾಲ್ಕು ವರ್ಷ ಬಡ ಮಕ್ಕಳ ಶಾಲೆಗಳಲ್ಲಿ, ಕೊರತೆಯಿರುವ ವಿಷಯ ಕಲಿಸಬೇಕು. ತಪ್ಪಿದರೆ ಅನುದಾನವೇ ಬಡ್ಡಿಸಹಿತ ಸಾಲವಾಗುತ್ತದೆ. ಪ್ರಾಮಾಣಿಕವಾಗಿ ಪಾಠ ಮಾಡುತ್ತಿದ್ದವರಲ್ಲೂ ಅನೇಕರು ವಾರ್ಷಿಕ ದೃಢೀಕರಣ ಪತ್ರ ತಡವಾದ ಕಾರಣಕ್ಕೇ ಸಾಲಗಾರರಾದರು, ಬಳಿಕ ಅಲ್ಲಿನ ಶಿಕ್ಷಣ ಇಲಾಖೆ ಅಂಥ ಪ್ರಕರಣಗಳನ್ನು ಮರುಪರಿಶೀಲಿಸಬೇಕಾಯಿತು.

ನಮ್ಮಲ್ಲಿ ತೊಡಕು ಇನ್ನೂ ಹೆಚ್ಚು. ಅಭ್ಯರ್ಥಿ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಪಾಸಾದರೂ ನೇಮಕಾತಿ ಅಧಿಸೂಚನೆ ಸರ್ಕಾರದ ಕೈಯಲ್ಲಿರುತ್ತದೆ. ಜೊತೆಗೆ, ಪ್ರಾಥಮಿಕ ಹಂತದ (1ರಿಂದ 5ನೇ ತರಗತಿ) ಬೋಧನೆಗೆ ಬಿ.ಎಡ್. ಅರ್ಹತೆಯಲ್ಲವೆಂದು 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ದಾರಿ ಇನ್ನಷ್ಟು ಕಿರಿದಾಗಿದೆ. ಆದ್ದರಿಂದ ಕರಾರು ಮಾಡುವುದಾದರೆ, ಅತಿಥಿ ಶಿಕ್ಷಕರಾಗಿ ದುಡಿದ ಅವಧಿಯನ್ನೂ ಸೇವೆಯೆಂದು ಪರಿಗಣಿಸಬೇಕು. ಅಧಿಸೂಚನೆಯೇ ಹೊರಡದ ವರ್ಷಗಳನ್ನು ಅಭ್ಯರ್ಥಿಯ ಗಡುವಿನಿಂದ ಕೈಬಿಡಬೇಕು.