ಯುದ್ಧವಿಮಾನದ ಪೈಲಟ್‌ಗೆ ಕೆಳಗಿರುವವರಲ್ಲಿ ನಮ್ಮವರು ಯಾರು, ಶತ್ರು ಯಾರು ಅಂತ ಹೇಗೆ ಗೊತ್ತಾಗುತ್ತದೆ?

ಪೈಲಟ್‌ಗೆ ತಾನಾಗಿ ಗೊತ್ತಾಗುವುದು ತುಂಬಾ ಕಷ್ಟ. ಯುದ್ಧದ ಜಾಗವನ್ನು ಹತ್ತಿರದಿಂದ ನೋಡುತ್ತಿರುವ ಒಬ್ಬರು ರೇಡಿಯೋದಲ್ಲಿ ದಾರಿ ತೋರಿಸುತ್ತಾರೆ. ಇವರಿಗೆ ಫಾರ್ವರ್ಡ್ ಏರ್ ಕಂಟ್ರೋಲರ್ ಅನ್ನುತ್ತಾರೆ, ಅಂದರೆ ಮುಂಚೂಣಿಯಿಂದ ವಿಮಾನಕ್ಕೆ ಗುರಿ ತೋರಿಸುವವರು.

ಕಾರಣ ವೇಗ. ನಮ್ಮ ಬೆಳಗಾವಿಯ ಸಾಂಬ್ರಾ ಕಡೆ ಒಂದು ಕಬ್ಬಿನ ಹೊಲ ಅಂದುಕೊಳ್ಳಿ. ಬದುವಿನ ಈಚೆ ನಮ್ಮ ಸೈನಿಕರು, ಆಚೆ ಶತ್ರು. ಗಂಟೆಗೆ 600 ಕಿ.ಮೀ. ವೇಗದ ವಿಮಾನ ಒಂದು ಸೆಕೆಂಡಿಗೆ ಸುಮಾರು 165 ಮೀಟರ್ ಹೋಗುತ್ತದೆ, ಪೈಲಟ್ ಆ ಬದು ಹುಡುಕುವಷ್ಟರಲ್ಲಿ ಹೊಲವೇ ಹಿಂದೆ ಬಿದ್ದಿರುತ್ತದೆ, ಅಲ್ವಾ? ಅದಕ್ಕೇ ನಮ್ಮವರು ಎಲ್ಲಿದ್ದಾರೆ, ಗುರಿಯ ಹತ್ತಿರ ಎದ್ದು ಕಾಣುವ ಗುರುತು ಯಾವುದು, ಯಾವ ದಿಕ್ಕಿನಿಂದ ಬರಬೇಕು ಅಂತ ಮೊದಲೇ ಹೇಳುತ್ತಾರೆ. ಸಾಮಾನ್ಯವಾಗಿ ನಮ್ಮವರ ತಲೆ ಮೇಲಿಂದ ಹಾಯದೆ, ಬದುವಿನ ಉದ್ದಕ್ಕೇ ಹಾರಿ ಬರಲು ಹೇಳುತ್ತಾರೆ. ಬಾಂಬ್ ಸ್ವಲ್ಪ ಹಿಂದೆ ಮುಂದೆ ಬಿದ್ದರೂ ನಮ್ಮವರಿಗೆ ತಾಗಬಾರದಲ್ಲ.

1971ರ ಡಿಸೆಂಬರ್ 5ರಂದು, ಪಾಕಿಸ್ತಾನದ ಜೊತೆಗಿನ ಯುದ್ಧದಲ್ಲಿ, ರಾಜಸ್ಥಾನದ ಮರುಭೂಮಿಯ ಲೊಂಗೆವಾಲಾದಲ್ಲಿ ಹೀಗೇ ಆಯಿತು. ಮೇಜರ್ ಕುಲದೀಪ್ ಸಿಂಗ್ ಚಾಂದ್‌ಪುರಿ ಅವರ ತುಕಡಿ ರಾತ್ರಿಯಿಡೀ ಪಾಕಿಸ್ತಾನದ ಟ್ಯಾಂಕ್‌ಗಳನ್ನು ತಡೆದು ನಿಂತಿತ್ತು. ಜೈಸಲ್ಮೇರ್‌ನಲ್ಲಿದ್ದ ನಮ್ಮ ವಾಯುಪಡೆಯ ಹಂಟರ್ ಯುದ್ಧವಿಮಾನಗಳಿಗೆ ರಾತ್ರಿ ದಾಳಿ ಮಾಡುವ ಸೌಲಭ್ಯ ಇರಲಿಲ್ಲ, ಬೆಳಕು ಹರಿಯುವವರೆಗೆ ಕಾಯಲೇಬೇಕಾಯಿತು. ಬೆಳಗ್ಗೆ ಮೇಜರ್ ಆತ್ಮಾ ಸಿಂಗ್ ಕೃಷಕ್ ಅನ್ನುವ ಪುಟ್ಟ, ನಿಧಾನದ ವಿಮಾನದಲ್ಲಿ ಹಾರುತ್ತಾ ಹಂಟರ್‌ಗಳಿಗೆ ಗುರಿ ತೋರಿಸಿದರು. ಅಂಥ ಗುಂಡಿನ ಮಳೆಯಲ್ಲಿ ಆ ಸಣ್ಣ ವಿಮಾನ ಹಾರಿಸಿದ ಧೈರ್ಯ ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಮರಳಲ್ಲಿ ಟ್ಯಾಂಕ್‌ಗಳಿಗೆ ಅಡಗಲು ಒಂದು ಮರವೂ ಇರಲಿಲ್ಲ.